ಮಡಿಕೇರಿಯ ಏರಿನಲ್ಲಿ ಓಟದ ವಾಚ್: ಬಹುಕಾಲ ಬಳಸಿದ ಮೇಲೆ

ಜಿಪಿಎಸ್ ವಾಚ್ ಮತ್ತು ಎದೆಗೆ ಕಟ್ಟುವ ಹೃದಯ ಬಡಿತದ ಪಟ್ಟಿ, ಎರಡೂ ನನ್ನೊಂದಿಗೆ ಕೊಡಗಿನ ಮಳೆಗಾಲಗಳನ್ನು ಕಂಡಿವೆ. ಜಾಹೀರಾತು ಕೊಂಡಾಡಿದ್ದು ವಿಒ2 ಮ್ಯಾಕ್ಸ್ ಅಂಕಿಯನ್ನು. ನನಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬಂದದ್ದೂ ಅದೇ.

ಪೂರ್ಣ ಶ್ರಮದಲ್ಲಿರುವ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬುದು ಆ ಅಂಕಿ. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ಉಸಿರನ್ನೇ ಅಳೆಯುತ್ತಾರೆ. ವಾಚ್ ಅಳೆಯುವುದಿಲ್ಲ, ವೇಗವನ್ನೂ ಬಡಿತವನ್ನೂ ಕೂಡಿಸಿ ಊಹಿಸುತ್ತದೆ. ಮಡಿಕೇರಿಯ ಏರಿನಲ್ಲಿ ವೇಗ ಕುಸಿದು ಬಡಿತ ಹೆಚ್ಚಿದರೆ ನನ್ನ ಸಾಮರ್ಥ್ಯವೇ ಕುಂದಿತೆಂದು ಹೇಳುತ್ತದೆ. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಕೆಲವು ದಿನ ಓಡಿದರೆ ಹೊಗಳತೊಡಗುತ್ತದೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳ ನಡುವೆ ಜಿಪಿಎಸ್ ಗೆರೆಯೇ ಅಂಕುಡೊಂಕು, ಹಾಗಾಗಿ ವೇಗದ ಲೆಕ್ಕವೂ ತಪ್ಪು.

ಪಟ್ಟಿಯ ಮಾತು ಬೇರೆ. ಮಣಿಕಟ್ಟಿನ ಬೆಳಕಿನ ಸಂವೇದಕ ಚಳಿಗೆ ತಡವರಿಸುತ್ತದೆ, ಒಮ್ಮೊಮ್ಮೆ ಹೆಜ್ಜೆಯ ಲಯವನ್ನೇ ಬಡಿತವೆಂದು ಎಣಿಸುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುವುದರಿಂದ ನಂಬಬಹುದು. ಅದನ್ನು ನಂಬಿದರೆ ಹಗುರ ಓಟ ನಿಜವಾಗಿ ಹಗುರವಾಗಿರಬೇಕು, ಅಂದರೆ ಬಡಿತ ಹೆಚ್ಚದಂತೆ ಇಲ್ಲಿನ ಏರುಗಳಲ್ಲಿ ನಡೆಯಬೇಕು. “ಓಡಲು ಬಂದು ನಡೆಯುತ್ತೀರಲ್ಲ?” ಎಂದು ತೋಟದ ಲೆಕ್ಕ ಬರೆಯುವ ರೈಟರ್ ನಗುತ್ತಾರೆ, ನಗಲಿ. ಸ್ನಾಯುಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ, ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದಕ್ಕೆ ಇಂಥ ದೀರ್ಘ, ನಿಧಾನದ ದುಡಿಮೆ ನೆರವಾಗುತ್ತದೆ. ವಾರಕ್ಕೊಮ್ಮೆ ಮಾತ್ರ ನಾಲ್ಕು ನಿಮಿಷದ ಬಿರುಸಿನ ಏರು, ಮೂರು ನಿಮಿಷ ಹಗುರ, ಹೀಗೆ ನಾಲ್ಕು ಸುತ್ತು. ಬಿರುಸಿನ ಭಾಗದಲ್ಲಿ ಬಡಿತ ಗರಿಷ್ಠದ ಶೇ. 90ರಿಂದ 95ರಷ್ಟು. ನಾರ್ವೆಯ ಸಂಶೋಧಕರು ಪರೀಕ್ಷಿಸಿದ ಈ ಕ್ರಮಕ್ಕೆ ಕೊಡಗಿನ ದಾರಿಗಳು ಹೇಳಿ ಮಾಡಿಸಿದಂತಿವೆ.

ವಾಚ್ ತಾನಾಗಿ ಹಾಕಿಕೊಡುವ ಬಡಿತದ ವಲಯಗಳನ್ನು (ಹಗುರ, ಬಿರುಸು ಎಂಬ ಮಟ್ಟಗಳನ್ನು) ಮಾತ್ರ ಹಾಗೆಯೇ ಒಪ್ಪಬೇಡಿ. ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು, ಹನ್ನೆರಡು ಬಡಿತ ತಪ್ಪುವುದು ಸಾಮಾನ್ಯ. ಪ್ರಗತಿ ತಿಳಿಯಲು ಅದೇ ದಾರಿ, ಅದೇ ಬಡಿತ, ತಗಲಿದ ಸಮಯ, ಇಷ್ಟು ಬರೆದಿಟ್ಟರೆ ಸಾಕು.

ಜೂನ್ ಬಂತೆಂದರೆ ಪಟ್ಟಿ ಒಣಗುವುದೇ ಇಲ್ಲ. ವಾಸನೆ ಹಿಡಿದು, ಎಲಾಸ್ಟಿಕ್ ಸಡಿಲವಾಗಿ ಬದಲಿಸಬೇಕಾಯಿತು. ಬಿಡಿ ಪಟ್ಟಿಯ ಬೆಲೆ ಅನ್ಯಾಯ. ಆದರೂ ಹಣ ಕಡಿಮೆಯಿದ್ದರೆ ವಾಚ್ ಬಿಡಿ, ಪಟ್ಟಿ ಕೊಳ್ಳಿ; ಮೊಬೈಲಿಗೆ ಜೋಡಿಸಿದರೆ ಕೆಲಸ ನಡೆಯುತ್ತದೆ.