ಏಜೆಂಟ್ ಮಾತು ನಂಬಿ ಫಾರಿನ್ ಕ್ರೂಸ್ ಬುಕ್ ಮಾಡೋರು ದಯವಿಟ್ಟು ಓದಿ, ನಾವು ಓದದೆ ಸೈನ್ ಹಾಕಿ ಕೆಟ್ವಿ

ಬರೀಬೇಕೋ ಬೇಡ್ವೋ ಅಂತ ಇಷ್ಟು ದಿನ ಒದ್ದಾಡ್ದೆ. ನಾಚಿಕೆ ಆಗುತ್ತೆ ನಿಜವಾಗ್ಲೂ. 29 ವರ್ಷ ಹೈಸ್ಕೂಲಲ್ಲಿ ಹಿಸ್ಟರಿ ಪಾಠ ಮಾಡಿದೀನಿ, ಪ್ರಶ್ನೆ ಎರಡು ಸಲ ಓದಿ ಆಮೇಲೆ ಪೆನ್ನು ಮುಟ್ಟಿ ಅಂತ ಮಕ್ಕಳ ತಲೆ ತಿಂದಿದೀನಿ, ಕೊನೆಗೆ ನಾನೇ ಓದದೆ ಸಹಿ ಹಾಕಿ ಬಂದೆ. ಮೊನ್ನೆ ನಮ್ಮ ಹಿಂದಿನ ಬೀದಿಯೋರು ಅದೇ ಏಜೆನ್ಸಿಗೆ ಅಡ್ವಾನ್ಸ್ ಕಟ್ಟೋಕೆ ಹೊರಟಿದಾರೆ ಅಂತ ಗೊತ್ತಾಯ್ತು, ಆಗ ತಡ್ಕೊಳ್ಳೋಕಾಗ್ಲಿಲ್ಲ. ಏಜೆನ್ಸಿ ಹೆಸರು, ಹಡಗಿನ ಹೆಸರು ಹಾಕಲ್ಲ, ಕಂಪ್ಲೇಂಟ್ ಕೊಟ್ಟಿದೀವಿ, ನಡೀತಿದೆ.

ಹೋಗಿದ್ದು 2024ರ ಸೆಪ್ಟೆಂಬರಲ್ಲಿ, ಕ್ರೊಯೇಷಿಯಾಗೆ. "ಎಕ್ಸ್‌ಪೆಡಿಷನ್ ಕ್ರೂಸ್, ಏಡ್ರಿಯಾಟಿಕ್ ಸಮುದ್ರದ ಹಳೇ ಬಂದರುಗಳು" ಅಂತ ಚಂದದ ಬ್ರೋಷರ್. ಸ್ಪ್ಲಿಟ್, ಹ್ವಾರ್, ವಿಸ್, ಕೊರ್ಚುಲಾ, ದುಬ್ರೋವ್ನಿಕ್, ಕೊನೆಗೆ ಮಾಂಟೆನೆಗ್ರೋದ ಕೋಟರ್. ನನಗೆ ಆಸೆ ಇದ್ದಿದ್ದೇ ಕೋಟರ್ ಮೇಲೆ. ಊರ ಹಿಂದಿನ ಬೆಟ್ಟದ ಮೇಲೆ ಕೋಟೆ, ಸುಮಾರು 1350 ಮೆಟ್ಟಿಲು. ಅದಕ್ಕೋಸ್ಕರ ನಾಲ್ಕು ತಿಂಗಳು ಭಾನುವಾರ ಭಾನುವಾರ ಚಾಮುಂಡಿ ಬೆಟ್ಟ ಹತ್ತಿದೀನಿ ನಾನು, ಮಂಡಿಗೆ ಪಟ್ಟಿ ಕಟ್ಕೊಂಡು. ನೆನಪಿಟ್ಕೊಳ್ಳಿ ಇದನ್ನ.

ತಲೆಗೆ 3,20,000. ಇಬ್ಬರಿಗೆ 6,40,000. ಅದರ ಮೇಲೆ "ಟ್ಯಾಕ್ಸ್ ಅಂಡ್ ಹ್ಯಾಂಡ್ಲಿಂಗ್" ಅಂತ ಇನ್ನೊಂದಿಷ್ಟು. ನನ್ನ ರಿಟೈರ್‌ಮೆಂಟ್ ದುಡ್ಡು. ಏಜೆನ್ಸಿ ಹುಡುಗ ಮನೆಗೇ ಬಂದಿದ್ದ, ಕಾಫಿ ಕುಡ್ದ, ಕೋಡುಬಳೆ ತಿಂದ, "ಅಮ್ಮಾ ನಮ್ಮಮ್ಮನೂ ಟೀಚರ್ರೇ, ನಿಮ್ಮ ಟ್ರಿಪ್ ನನ್ನ ಜವಾಬ್ದಾರಿ" ಅಂದ. ದುಡ್ಡು ಪೂರ್ತಿ ಹೋಗೋವರೆಗೂ ಅಮ್ಮಾ. ಆಮೇಲೆ ಮೇಡಂ. ಆ ಬದಲಾವಣೆನ ನಾನು ಆಗ್ಲೇ ಗಮನಿಸ್ಬೇಕಿತ್ತು.

ವೀಸಾ ಬಂದಾಗ ನಮ್ಮನೆಯವ್ರು "ಒಂದ್ಸಲ ಕನ್ನಡಕ ಹಾಕ್ಕೊಂಡು ಸರಿಯಾಗಿ ನೋಡೇ" ಅಂದ್ರು. ನೋಡ್ದೆ. ಹೆಸರು, ಡೇಟು, ಫೋಟೋ, ಎಲ್ಲಾ ಸರಿ ಇದೆ ಅಂದೆ. ಅವರು ಮತ್ತೆ ಹೇಳಿದ್ದಕ್ಕೆ ರೇಗಿದೆ ಕೂಡ, ಎಲ್ಲದಕ್ಕೂ ಅನುಮಾನ ನಿಮಗೆ ಅಂತ. ಏಜೆಂಟ್‌ಗೂ ವಾಟ್ಸಾಪಲ್ಲಿ ಫೋಟೋ ಹಾಕಿ ಎಲ್ಲಾ ಓಕೆನಾ ಅಂತ ಕೇಳ್ದೆ. ಓಕೆ ಅನ್ನೋ ಹೆಬ್ಬೆಟ್ಟಿನ ಇಮೋಜಿ ಕಳಿಸ್ದ. ಅವನೂ ಆಗ್ಲೇ ನೋಡಿದ್ದ ಅನ್ನೋದಕ್ಕೆ ಈಗ ನಮ್ಮ ಹತ್ರ ಇರೋ ಸಾಕ್ಷಿ ಅದೊಂದು ಹೆಬ್ಬೆಟ್ಟೇ.

ಹಡಗಿನ ವಿಷಯ ಬೇಗ ಹೇಳ್ತೀನಿ. ಎಕ್ಸ್‌ಪೆಡಿಷನ್ ಅಂದ್ರೆ ನಾನು ತಿಳ್ಕೊಂಡಿದ್ದು ಚಿಕ್ಕ ಹಡಗು, ಇತಿಹಾಸ ಗೊತ್ತಿರೋರು ಜೊತೇಲಿ ಬಂದು ಸಂಜೆ ಲೆಕ್ಚರ್ ಕೊಡೋದು, ರಬ್ಬರ್ ಬೋಟಲ್ಲಿ ದಡಕ್ಕೆ ಕರ್ಕೊಂಡು ಹೋಗೋದು. ಸಿಕ್ಕಿದ್ದು ಮಾಮೂಲಿ 36 ಜನರ ಬೇಸಿಗೆ ಹಡಗು. ಈ ತರದ ಹಡಗುಗಳಲ್ಲಿ ಅಲ್ಲಿ ಬೆಳಗ್ಗೆ ತಿಂಡಿ ಮಧ್ಯಾಹ್ನ ಊಟ ಅಷ್ಟೇ ಕೊಡೋದು, ರಾತ್ರಿ ಊಟ ಊರೊಳಗೆ ನಾವೇ ದುಡ್ಡು ಕೊಟ್ಟು ಮಾಡ್ಬೇಕು, ಅಲ್ಲಿನ ಪದ್ಧತಿನೇ ಹಾಗಂತೆ, ತಪ್ಪಿಲ್ಲ. ಆದ್ರೆ ನಮಗೆ ಹೇಳಿದ್ದು "ಆಲ್ ಮೀಲ್ಸ್, ಪ್ಯೂರ್ ವೆಜ್ ಅರೇಂಜ್ ಮಾಡಿದೀವಿ" ಅಂತ. ದಿನಾ ಪಾಸ್ತಾ, ಆಮೇಲೆ ಆಲೂಗಡ್ಡೆ ಜೊತೆ ಬೇಯಿಸಿದ ಸೊಪ್ಪು, ಬ್ಲಿತ್ವಾ ಅಂತಾರೆ ಅದನ್ನ, ರುಚಿ ಚೆನ್ನಾಗೇ ಇತ್ತು ಸುಳ್ಳು ಹೇಳಬಾರದು, ಆದ್ರೆ ಎಷ್ಟು ದಿನ ತಿನ್ನೋದು. ಹತ್ತಿದ ಮೊದಲ ದಿನವೇ ಪೋರ್ಟ್ ಫೀಸ್ ಟೂರಿಸ್ಟ್ ಟ್ಯಾಕ್ಸ್ ಅಂತ ಕ್ಯಾಶ್ ಯೂರೋ ಕೇಳಿದ್ರು. ಅದೂ ಅಲ್ಲಿ ಮಾಮೂಲು. ನಮಗೆ "ಒಂದು ಪೈಸೆ ಎಕ್ಸ್‌ಟ್ರಾ ಇಲ್ಲ" ಅಂದಿದ್ದ. ಸೀ ವ್ಯೂ ಕ್ಯಾಬಿನ್‌ಗೆ ಜಾಸ್ತಿ ಕೊಟ್ಟಿದ್ವಿ, ಬಂದರಲ್ಲಿ ಜಾಗ ಇಲ್ಲದೆ ಹಡಗುಗಳನ್ನ ಒಂದಕ್ಕೊಂದು ಒತ್ತಿ ಸಾಲಾಗಿ ಕಟ್ತಾರೆ, ಕಿಟಕಿ ತೆಗೆದ್ರೆ ಪಕ್ಕದ ಹಡಗಿನ ಕಿಟಕಿ, ಅಲ್ಲೊಬ್ಬ ಶೇವ್ ಮಾಡ್ಕೋತಿದಾನೆ. ದಡಕ್ಕೆ ಹೋಗ್ಬೇಕಂದ್ರೆ ಇನ್ನೆರಡು ಹಡಗು ದಾಟ್ಕೊಂಡು ಹೋಗ್ಬೇಕು, ಡೀಸೆಲ್ ವಾಸನೆ ಬೇರೆ.

"ಹಿಸ್ಟೋರಿಯನ್ ಆನ್ ಬೋರ್ಡ್" ಅಂದ್ರೆ ಕ್ರೂಸ್ ಮ್ಯಾನೇಜರ್ ಹುಡುಗಿ. ಪಾಪ ಒಳ್ಳೇ ಮಗು, ಮೊಬೈಲ್ ನೋಡ್ಕೊಂಡು ಓದ್ತಿದ್ಲು. ಸ್ಪ್ಲಿಟ್‌ನಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ 305ರಲ್ಲಿ ಅಧಿಕಾರ ಬಿಟ್ಟು ಬಂದು ಇದ್ದ ಅರಮನೆ, ಅದರೊಳಗೆ ಈಗ್ಲೂ ಜನ ಸಂಸಾರ ಮಾಡ್ಕೊಂಡಿದಾರೆ, ಗೋಡೆ ಮಧ್ಯೆ ಬಟ್ಟೆ ಒಣಗಾಕಿದಾರೆ, ಅದನ್ನ ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ಆ ಹುಡುಗಿ ಮೂರು ಸಾಲು ಹೇಳಿ ಐಸ್‌ಕ್ರೀಮ್ ಅಂಗಡಿ ತೋರಿಸಿದ್ಲು. ವಿಸ್‌ನಲ್ಲಿ ಗಾಳಿ ಎದ್ದು ಪಕ್ಕದ ಬಿಶೆವೊ ದ್ವೀಪದ ನೀಲಿ ಗುಹೆ ಕ್ಯಾನ್ಸಲ್. ಯೂಗೊ ಅಂತ ತೆಂಕಣ ಗಾಳಿ, ಅದು ಬೀಸಿದ್ರೆ ಗುಹೆ ಒಳಗೆ ದೋಣಿ ಬಿಡಲ್ಲ, ಅದಕ್ಕೆ ಯಾರನ್ನೂ ಬೈಯಲ್ಲ ನಾನು. ವಿಸ್ ದ್ವೀಪ ಯುಗೊಸ್ಲಾವಿಯಾ ಕಾಲದಲ್ಲಿ ಮಿಲಿಟರಿ ಜಾಗ, 1989ರವರೆಗೂ ವಿದೇಶಿಯರಿಗೆ ಪ್ರವೇಶನೇ ಇರಲಿಲ್ಲ. ಅದನ್ನ ಓದಿ ನಮ್ಮನೆಯವ್ರ ಹತ್ರ ತಮಾಷೆ ಮಾಡಿದ್ದೆ, ನೋಡಿ ನಮ್ಮನ್ನ ಬಿಟ್ಟಿದಾರೆ ಅಂತ. ತಮಾಷೆ.

ಇಲ್ಲಿವರೆಗಿನದೆಲ್ಲ ನುಂಗ್ಕೋಬಹುದಿತ್ತು. ಆಮೇಲಿಂದು ನುಂಗೋಕಾಗ್ತಿಲ್ಲ.

ಕೊರ್ಚುಲಾದಿಂದ ದುಬ್ರೋವ್ನಿಕ್ ಕಡೆ ಹೊರಟ ರಾತ್ರಿ ಎಂಟೂವರೆ ಇರಬಹುದು, ಆ ಹುಡುಗಿ ನಮ್ಮಿಬ್ಬರ ಪಾಸ್‌ಪೋರ್ಟ್ ಹಿಡ್ಕೊಂಡು ಬಂದ್ಲು. ಮುಖ ಸಪ್ಪಗಿತ್ತು. ನಿಮ್ಮ ವೀಸಾದಲ್ಲಿ ಎಂಟ್ರಿ ಒಂದೇ ಅಂತ ಇದೆ ಅಂದ್ಲು. ನನಗೆ ಅರ್ಥ ಆಗ್ಲಿಲ್ಲ. ಒಂದೇ ಅಂದ್ರೆ? ಷೆಂಗೆನ್ ಅಂದ್ರೆ ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು, ಕ್ರೊಯೇಷಿಯಾ 2023ರ ಜನವರಿ 1ರಿಂದ ಅದರೊಳಗೆ ಬಂದಿದೆ, ಮಾಂಟೆನೆಗ್ರೋ ಷೆಂಗೆನ್ ಅಲ್ಲ, ದುಬ್ರೋವ್ನಿಕ್‌ನಿಂದ ಕೋಟರ್‌ಗೆ ಹೊರಟಾಗ ನಮ್ಮಂಥೋರ ಪಾಸ್‌ಪೋರ್ಟಿಗೆ ಆಗ ಎಕ್ಸಿಟ್ ಸೀಲ್ ಬೀಳ್ತಿತ್ತು, ವಾಪಸ್ ಬರೋವಾಗ ಅದು ಎರಡನೇ ಎಂಟ್ರಿ. ನಮಗಿದ್ದ ಒಂದು ಎಂಟ್ರಿ ಫ್ರಾಂಕ್‌ಫರ್ಟ್ ಏರ್‌ಪೋರ್ಟಲ್ಲಿ ಇಳಿದಾಗಲೇ ಮುಗಿದುಹೋಗಿತ್ತು. ಕೋಟರ್‌ಗೆ ಹೋಗೋದು ಸಮಸ್ಯೆ ಅಲ್ಲ, ಷೆಂಗೆನ್ ವೀಸಾ ತೋರಿಸಿದ್ರೆ ಅವರು ಬಿಟ್ಕೋತಾರೆ. ವಾಪಸ್ ಬರಕ್ಕೇ ಆಗಲ್ಲ. ನಮ್ಮ ಫ್ಲೈಟ್ ಇರೋದು ದುಬ್ರೋವ್ನಿಕ್‌ನಿಂದ.

ಪಾಸ್‌ಪೋರ್ಟ್ ಈಸ್ಕೊಂಡು ನೋಡ್ದೆ. ಇತ್ತು. ಸ್ಟಿಕರ್ ಮೇಲೇ ಇತ್ತು, "ನಂಬರ್ ಆಫ್ ಎಂಟ್ರೀಸ್" ಅಂತ, ಅದರ ಕೆಳಗೆ 01. ಎಷ್ಟು ಸಲ ನೋಡಿದೀನಿ ಆ ಸ್ಟಿಕರ್‌ನ, ಫೋಟೋ ಚೆನ್ನಾಗಿ ಬಂದಿಲ್ಲ ಅಂತ ಕೂಡ ಅಂದ್ಕೊಂಡಿದೀನಿ. 01 ಅಲ್ಲೇ ಇತ್ತು. ಪಕ್ಕದಲ್ಲಿ ನಮ್ಮನೆಯವ್ರು ಒಂದು ಮಾತೂ ಆಡಲಿಲ್ಲ, ಬೈದಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು. ಹಡಗಲ್ಲಿದ್ದ ಬೇರೆಯೋರೆಲ್ಲ ಕಾರ್ಡ್ಸ್ ಆಡ್ತಾ ನಮ್ಮ ಕಡೆ ನೋಡ್ತಿದ್ರು.

ಮೈಸೂರಲ್ಲಿ ಆಗ ರಾತ್ರಿ ಹನ್ನೆರಡು. ಏಜೆನ್ಸಿ ಹುಡುಗನಿಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೀನಿ. ಬೆಳಗ್ಗೆ ಮೆಸೇಜ್ ಬಂತು, ಹಾಗೇ ಹಾಕ್ತೀನಿ: "ಮೇಡಂ ವೀಸಾ ಕೊಡೋದು ಎಂಬಸಿ ಡಿಸಿಷನ್, ನಮ್ಮ ಕೈಲಿಲ್ಲ." ಸರಿ, ಈಗೇನು ಮಾಡ್ಬೇಕು ಅಂದೆ. "ಮೇಡಂ ನೀವು ವೀಸಾ ಬಂದಾಗಲೇ ಚೆಕ್ ಮಾಡ್ಕೋಬೇಕಿತ್ತಲ್ವಾ." ನಿಮಗೂ ಫೋಟೋ ಕಳಿಸಿದ್ನಲ್ಲಪ್ಪಾ ಅಂದೆ. "ಮೇಡಂ ದಿನಕ್ಕೆ ನೂರು ವೀಸಾ ಬರುತ್ತೆ. ನೀವು ಟೀಚರ್ ಅಲ್ವಾ ಮೇಡಂ, ಓದೋಕೆ ಬರುತ್ತಲ್ವಾ." ಇಷ್ಟು ಹೇಳಿದ, ನಮ್ಮನೆ ಕೋಡುಬಳೆ ತಿಂದ ಹುಡುಗ. ಕೈ ನಡುಗ್ತಿತ್ತು ನನಗೆ ಓದುವಾಗ.

ದುಬ್ರೋವ್ನಿಕ್‌ನ ಗ್ರುಝ್ ಬಂದರಲ್ಲಿ ಸೂಟ್‌ಕೇಸ್ ಎಳ್ಕೊಂಡು ಇಳಿದ್ವಿ. ಹಡಗು ನಮ್ಮನ್ನ ಬಿಟ್ಟು ಹೋಯ್ತು. ನಾವೇ ದುಡ್ಡು ಕೊಟ್ಟ ಹಡಗು. ಸೀಸನ್ ಬೇರೆ, ಒಂದು ಸಣ್ಣ ರೂಮಿಗೆ ರಾತ್ರಿಗೆ 170 ಯೂರೋ, ಎರಡು ರಾತ್ರಿ. ಕೋಟೆ ಗೋಡೆ ಮೇಲೆ ನಡೆಯೋಕೆ ಆಗ ತಲೆಗೆ 35 ಯೂರೋ ಟಿಕೆಟ್, ಅದು ಪ್ಯಾಕೇಜಲ್ಲಿ ಸೇರಿತ್ತು, ಆದ್ರೆ ಗ್ರೂಪ್ ಜೊತೆ ಮಾತ್ರ ಅಂತೆ, ಗ್ರೂಪ್ ಕೋಟರ್‌ನಿಂದ ಬಂದ್ಮೇಲೆ ಹೋಗೋದಂತೆ, ಆಗ ನಮಗೆ ಫ್ಲೈಟಿಗೆ ಟೈಮ್ ಆಗಿರುತ್ತೆ. ಮತ್ತೆ 70 ಯೂರೋ. 1940 ಮೀಟರ್ ಉದ್ದದ ಗೋಡೆ, ಒಂದು ಸುತ್ತು ಬಂದೆ, ಎಲ್ಲಿ ನಿಂತ್ರೂ ಸಮುದ್ರದಲ್ಲಿ ತೆಂಕಣಕ್ಕೆ ಕಣ್ಣು ಹೋಗ್ತಿತ್ತು.

ಒಂದು ಮಾತು ಹೇಳ್ಲೇಬೇಕು, ಇತಿಹಾಸ ಓದಿರೋ ದುರದೃಷ್ಟ. ಪ್ಲೇಗ್ ಕಾಲದಲ್ಲಿ, 1377ರಲ್ಲಿ, ಈ ಊರಿನ ಕೌನ್ಸಿಲ್ ಒಂದು ಕಾನೂನು ಮಾಡಿತ್ತು, ರೋಗದ ಊರುಗಳಿಂದ ಬಂದೋರು ಸೀದಾ ಒಳಗೆ ಬರೋ ಹಾಗಿಲ್ಲ, ಮೊದಲು ಒಂದು ತಿಂಗಳು ಮ್ರ್ಕಾನ್ ಅನ್ನೋ ದ್ವೀಪದಲ್ಲೋ ತ್ಸಾವ್ಟಾಟ್ ಅನ್ನೋ ಊರಲ್ಲೋ ಕೂತಿರಬೇಕು ಅಂತ. ಕ್ವಾರಂಟೈನ್ ಅನ್ನೋದರ ಮೊದಲ ಕಾನೂನುಗಳಲ್ಲಿ ಒಂದು. ಆಮೇಲೆ ಕಟ್ಟಿದ ಲಜರೆಟ್ ಅನ್ನೋ ಕ್ವಾರಂಟೈನ್ ಕಟ್ಟಡಗಳು ಪೂರ್ವದ ಬಾಗಿಲಾಚೆ ಈಗ್ಲೂ ಇವೆ. ಅಲ್ಲಿ ಕೂತು ಬ್ಯಾಗಲ್ಲಿದ್ದ ಕೊನೇ ಹುರಿಗಾಳು ತಿಂದ್ವಿ. ಆ ಕಾಲದ ವ್ಯಾಪಾರಿಗೆ ಒಂದು ತಿಂಗಳು ಕಾದ್ರೆ ಒಳಗೆ ಬಿಡ್ತಾರೆ ಅಂತಾದ್ರೂ ಗೊತ್ತಿತ್ತು. ಊರ ತುಂಬ ಸೈಂಟ್ ಬ್ಲೇಸ್ ವಿಗ್ರಹ, ಊರು ಕಾಯೋ ಸಂತ. ಗೋವಾದ ಗಂಡೌಲಿಂನಲ್ಲೂ ಅವನದೊಂದು ಚರ್ಚಿದೆ, ಅಲ್ಲಿಗೆ ಹೋಗೋಕೆ ಎಂಟ್ರಿ ಲೆಕ್ಕ ಹಾಕೋ ಕೆಲ್ಸ ಇಲ್ಲ ಅಂದ್ರು ನಮ್ಮನೆಯವ್ರು. ಎರಡು ದಿನದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ವಾಪಸ್ ಬಂದು ವೀಸಾ ಅರ್ಜಿ ಕಾಪಿ ಕೊಡಿ ಅಂತ ಕೂತ್ವಿ. ಮೂರು ಸಲ ಅಲೆದ ಮೇಲೆ ಕೊಟ್ರು. ಅರ್ಜಿಯಲ್ಲಿ ಎಷ್ಟು ಎಂಟ್ರಿ ಬೇಕು ಅನ್ನೋ ಕಡೆ "ಸಿಂಗಲ್"ಗೆ ಟಿಕ್! ಅವರೇ ತುಂಬಿದ್ದು. ಎಂಬಸಿ ಡಿಸಿಷನ್ ಅಂತೆ! ಜೊತೆಗೆ ಕೊಟ್ಟಿದ್ದ ಪ್ರಯಾಣದ ವಿವರದಲ್ಲಿ ಕೋಟರ್ ಹೆಸರೇ ಇಲ್ಲ, ಎಂಟೂ ದಿನ ಕ್ರೊಯೇಷಿಯಾದಲ್ಲೇ ಇರ್ತೀವಿ ಅಂತ ಬರೆದಿದಾರೆ. ಕೇಳಿದ್ರೆ "ಮಾಂಟೆನೆಗ್ರೋ ಹಾಕಿದ್ರೆ ಪೇಪರ್ಸ್ ಜಾಸ್ತಿ ಕೇಳ್ತಾರೆ ಮೇಡಂ, ಈಸಿ ಆಗ್ಲಿ ಅಂತ." ಯಾರಿಗೆ ಈಸಿ? ಕೆಳಗೆ ಸಹಿ ಯಾರದ್ದು? ನಂದು. ಪುಟ ತಿರುಗಿಸಿ ಇಲ್ಲಿ ಹಾಕಿ, ಇಲ್ಲಿ ಹಾಕಿ ಅಂದ, ಹಾಕ್ದೆ. ಎಂಬಸಿಗೆ ಸುಳ್ಳು ವಿವರ ಕೊಟ್ಟ ಹಾಗಾಯ್ತು ನನ್ನ ಸಹಿಯಲ್ಲಿ, ಅದು ಇನ್ನೂ ಭಯ.

ಇನ್ನೊಂದು. 2024ರಲ್ಲಿ ನಮ್ಮ ಮೊತ್ತದ ಫಾರಿನ್ ಟೂರ್ ಪ್ಯಾಕೇಜ್ ಮೇಲೆ 5% ಟಿಸಿಎಸ್, ಅಂದ್ರೆ ಮುಂಗಡ ತೆರಿಗೆ, ಹಿಡೀತಿದ್ರು, ಅದು ನಮ್ಮ ಪ್ಯಾನ್‌ಗೆ ಕಟ್ಟಬೇಕು, ರಿಟರ್ನ್ಸ್ ಹಾಕುವಾಗ ನಮಗೇ ಲೆಕ್ಕಕ್ಕೆ ಬರುತ್ತೆ. ಹತ್ರತ್ರ 32 ಸಾವಿರ. ನಮ್ಮನೆಯವ್ರು 26ಎಎಸ್, ಅಂದ್ರೆ ನಮ್ಮ ಪ್ಯಾನ್‌ಗೆ ಕಟ್ಟಿರೋ ತೆರಿಗೆ ಪಟ್ಟಿ, ತೆಗೆದು ನೋಡಿದ್ರು, ಸೊನ್ನೆ. "ಅಕೌಂಟ್ಸಲ್ಲಿ ಕೇಳ್ತೀನಿ ಮೇಡಂ" ಅಂದೋನು ಇನ್ನೂ ಕೇಳ್ತಾನೇ ಇದಾನೆ.

ಕೊನೆಗೆ ಅವರ ಮ್ಯಾನೇಜರ್ ಒಬ್ಬರು ಫೋನ್ ಮಾಡಿ ಬಹಳ ಮರ್ಯಾದೆಯಾಗಿ, ನಮಗೂ ಬೇಜಾರಾಗಿದೆ, 5000 ರೂಪಾಯಿ ವೋಚರ್ ಕೊಡ್ತೀವಿ, ಮುಂದಿನ ಟ್ರಿಪ್ ಬುಕಿಂಗಿಗೆ ಆಗುತ್ತೆ ಅಂದ್ರು. ಮುಂದಿನ ಟ್ರಿಪ್! ಅವರ ಜೊತೆ!

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಆನ್‌ಲೈನಲ್ಲೇ ದೂರು ಹಾಕಿದೀವಿ, ನಮ್ಮ ಮೊತ್ತಕ್ಕೆ ಫೀಸ್ 200 ರೂಪಾಯಿ, ಅಷ್ಟೇ. ಎರಡು ವರ್ಷದೊಳಗೆ ಹಾಕ್ಬೇಕು, ಸುಮ್ನೆ ಕೂರಬೇಡಿ. ಹೋಗೋರು ಸ್ಟಿಕರ್ ಮೇಲೆ ಎಂಟ್ರಿ ಎಷ್ಟು ನೋಡಿ, ಹಡಗು ಯಾವ ಯಾವ ದೇಶ ಮುಟ್ಟುತ್ತೆ ಅಂತ ಮ್ಯಾಪ್ ಇಟ್ಕೊಂಡು ನೋಡಿ, ಅರ್ಜಿ ನೀವೇ ಓದಿ ಸಹಿ ಹಾಕಿ, ಕಾಪಿ ಇಟ್ಕೊಳ್ಳಿ. ಗಂಡ ಏನಾದ್ರೂ ಹೇಳಿದ್ರೆ ವರ್ಷಕ್ಕೊಂದ್ಸಲ ಕೇಳಿ.

ಹಾಂ, ಮರೆತೆ. ಗೋಡೆ ಮೇಲೆ ನಿಂತು ತೆಗೆಸ್ಕೊಂಡ ಒಂದು ಫೋಟೋನ, ನೋಡಪ್ಪಾ ಎಲ್ಲಿ ಕೂರಿಸಿದೀಯ ನಮ್ಮನ್ನ ಅಂತ ಸಿಟ್ಟಲ್ಲಿ ಆ ಹುಡುಗನಿಗೆ ಕಳಿಸಿದ್ದೆ. ಅದನ್ನ ಈಗ ಅವರ ಜಾಹೀರಾತಿಗೆ ಹಾಕ್ಕೊಂಡಿದಾರೆ. "ಅವರ್ ಹ್ಯಾಪಿ ಗೆಸ್ಟ್ಸ್, ಕ್ರೊಯೇಷಿಯಾ–ಮಾಂಟೆನೆಗ್ರೋ" ಅಂತ ಕೆಳಗೆ. ತೆಗೀರಿ ಅಂತ ನಾಲ್ಕು ಸಲ ಮೆಸೇಜ್ ಹಾಕಿದೀನಿ, ನಾಲ್ಕಕ್ಕೂ ನೀಲಿ ಟಿಕ್ ಬಂದಿದೆ.