ಕಾರ್ತಹೇನಾದಲ್ಲಿ ತಿಂಗಳ ಮಟ್ಟಿಗೆ ಮನೆ ಹಿಡಿಯುವವರಿಗೆ ಒಂದು ಎಚ್ಚರಿಕೆ

ಕೊಲಂಬಿಯಾದ ಕೆರಿಬಿಯನ್ ಕರಾವಳಿಯ ಕಾರ್ತಹೇನಾ ನಗರದಲ್ಲಿ ಕಳೆದ ಅಕ್ಟೋಬರ್ 20ರಿಂದ ನವೆಂಬರ್ 17ರವರೆಗೆ ನಾನು ಮತ್ತು ನನ್ನ ಗಂಡ ಬಾಡಿಗೆ ಮನೆ ಹಿಡಿದು ಉಳಿದಿದ್ದೆವು. ಊರಿನ ಬಗ್ಗೆ ನನ್ನ ದೂರೇನೂ ಇಲ್ಲ. 1533ರಲ್ಲಿ ಸ್ಪೇನಿನವರು ನೆಲೆಯೂರಿದ, ಕಡಲ್ಗಳ್ಳರ ಕಾಟಕ್ಕೆ ಬೇಸತ್ತು ಸುತ್ತಲೂ ಕಲ್ಲಿನ ಗೋಡೆ ಎಬ್ಬಿಸಿಕೊಂಡ, 1984ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಹಳೆಯ ಪೇಟೆಯ ಕೋಟೆಗೋಡೆಯ ಮೇಲೆ ಸಂಜೆ ಹೊತ್ತು ನಡೆದಾಡುವ ಸುಖವೇ ಬೇರೆ. ನನ್ನ ದೂರು ಇರುವುದು ನಾವು ಮನೆ ಹಿಡಿದ ರೀತಿಯ ಬಗ್ಗೆ, ಮತ್ತು ಅದರಲ್ಲಿ ಅರ್ಧ ತಪ್ಪು ನಮ್ಮದೇ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಗಂಡನಿಗೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ತಿಂಗಳ ಬಿಡುವಿತ್ತು, ನನಗೆ ಕೂಡಿಟ್ಟ ರಜೆಯಿತ್ತು. ಹೋಟೆಲಿನಲ್ಲಿ ಅಷ್ಟು ದಿನ ಇರುವುದು ದುಬಾರಿಯಾದ್ದರಿಂದ ಸಮುದ್ರಕ್ಕೆ ತಾಗಿಕೊಂಡು ಎತ್ತರದ ಕಟ್ಟಡಗಳು ಸಾಲುಗಟ್ಟಿರುವ ಬೋಕಾಗ್ರಾಂದೆ ಎಂಬ ಬಡಾವಣೆಯಲ್ಲಿ ಎರಡು ಮಲಗುವ ಕೋಣೆಗಳ ಮನೆಯೊಂದನ್ನು ಬಾಡಿಗೆ ಮನೆಗಳ ಜಾಲತಾಣದಲ್ಲಿ ಹುಡುಕಿದೆವು. ತಾಣದ ಶುಲ್ಕವೂ ಸೇರಿ 1,400 ಡಾಲರ್ ಆಗುತ್ತಿತ್ತು. ಮಾಲೀಕರು ಎರಡನೆಯ ಸಂದೇಶದಲ್ಲೇ ವಾಟ್ಸಾಪ್ ಸಂಖ್ಯೆ ಕೊಟ್ಟು, ನೇರವಾಗಿ ಹಣ ಕಳಿಸಿದರೆ 1,050 ಡಾಲರಿಗೆ ಕೊಡುವೆನೆಂದೂ ಹಿಂದಿರುಗಿಸುವ ಠೇವಣಿಯೆಂದು 300 ಡಾಲರ್ ಸೇರಿಸಬೇಕೆಂದೂ ತಿಳಿಸಿದರು. ಉಳಿಯುವ 350 ಡಾಲರಿನ ಆಸೆಗೆ ಬಿದ್ದು ಪೂರ್ತಿ ಹಣವನ್ನು ಮುಂಗಡವಾಗಿ ಕಳಿಸಿದೆವು. ರಸೀದಿ ಇಲ್ಲ, ಕರಾರುಪತ್ರ ಇಲ್ಲ, ತಾಣದ ರಕ್ಷಣೆಯೂ ಇಲ್ಲ.

ಆ ವಾಟ್ಸಾಪ್ ಮಾತುಕತೆಯಲ್ಲಿ ಬಾಡಿಗೆಯ ಮೊತ್ತದ ಪಕ್ಕದಲ್ಲಿ ಅವರು 'ಮಾಸ್ ಲೂಸ್' ಎಂದು ಬರೆದಿದ್ದರು. ಅನುವಾದದ ಆ್ಯಪ್‌ಗೆ ಹಾಕಿದರೆ 'ಹೆಚ್ಚು ಬೆಳಕು' ಎಂದು ಬಂತು. ಸಮುದ್ರದ ಕಡೆಗೆ ದೊಡ್ಡ ಕಿಟಕಿಗಳಿರುವ ಚಿತ್ರಗಳನ್ನೂ ಕಳಿಸಿದ್ದರಿಂದ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಹೇಳುತ್ತಿದ್ದಾರೆಂದುಕೊಂಡು 'ತುಂಬಾ ಸಂತೋಷ, ನಮಗೆ ಅದೇ ಬೇಕಿತ್ತು' ಎಂದು ಉತ್ತರಿಸಿದೆ. ಅಲ್ಲಿಯ ಆಡುಮಾತಿನಲ್ಲಿ 'ಲೂಸ್' ಎಂದರೆ ಕರೆಂಟು, 'ಮಾಸ್ ಲೂಸ್' ಎಂದರೆ 'ಕರೆಂಟಿನ ಬಿಲ್ಲು ಪ್ರತ್ಯೇಕ'. ಈ ಎರಡು ಪದಗಳಿಗೆ ಮುಂದೆ ನಾವು ತೆತ್ತ ಬೆಲೆಯನ್ನು ನೆನೆದು ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಮೊದಲ ಅಪಶಕುನ ಕಟ್ಟಡದ ಬಾಗಿಲಲ್ಲೇ ಎದುರಾಯಿತು. ಕಾವಲುಗಾರರ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಫೋನಿನಲ್ಲಿ ಸಿಕ್ಕ ಮಾಲೀಕರು, ಯಾರಾದರೂ ಕೇಳಿದರೆ ನನ್ನ ಸ್ನೇಹಿತರೆಂದು ಹೇಳಿ, ಬಾಡಿಗೆಯ ಮಾತೆತ್ತಬೇಡಿ ಎಂದರು. ಆಮೇಲೆ ಕಾವಲುಗಾರರು ತಲಾ 45,000 ಪೆಸೊ ತೆಗೆದುಕೊಂಡು ನಮ್ಮಿಬ್ಬರ ಮುಂಗೈಗೆ ಹಸಿರು ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಬಿಗಿದರು. 'ಮನೀಯಾ' ಎಂದು ಕರೆಯುವ ಆ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಲಿಫ್ಟು, ಈಜುಕೊಳ ಎಲ್ಲವೂ. ಆಸ್ಪತ್ರೆಗೆ ಸೇರಿಸಿದ ರೋಗಿಗಳಂತೆ ಸ್ನಾನ ಮಾಡುವಾಗಲೂ ಮಲಗುವಾಗಲೂ ಅದನ್ನು ಕಟ್ಟಿಕೊಂಡೇ ಇದ್ದೆವು. ಅಲ್ಲಿಯ ಅನೇಕ ಕಟ್ಟಡಗಳಲ್ಲಿ ಈ ಪದ್ಧತಿ ಇದೆಯೆಂದು ಆಮೇಲೆ ತಿಳಿಯಿತು, ಆದ್ದರಿಂದ ಅದನ್ನು ಮೋಸವೆನ್ನಲಾರೆ. ಆದರೆ ಆ ಖರ್ಚು ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ನಾನು ಕುಂದಾಪುರದವಳು, ಸೆಖೆಯ ಊರಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಕಾರ್ತಹೇನಾದ ಸೆಖೆ ನನ್ನನ್ನೇನು ಮಾಡೀತು ಎಂಬ ಜಂಬ ಇತ್ತು. ಅಕ್ಟೋಬರ್ ಮತ್ತು ನವೆಂಬರ್ ಅಲ್ಲಿ ಮಳೆಗಾಲದ ಜೋರಿನ ದಿನಗಳು. ಬಾಡಿಗೆ ಅಗ್ಗವಾಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಮಧ್ಯಾಹ್ನ ಧೋ ಎಂದು ಸುರಿದು ನಿಂತ ಮೇಲೆ ಗಾಳಿಯೇ ಆಡದೆ ಗೋಡೆಗಳೂ ಬೆವರುವಂತಾಗುತ್ತಿತ್ತು. ಹೀಗಾಗಿ ಎರಡು ಕೋಣೆಗಳ ಹಳೆಯ ಎಸಿಗಳು ಹಗಲೂ ರಾತ್ರಿ ಓಡಿದವು. ಬಿಲ್ಲು ಬಾಡಿಗೆಯಲ್ಲೇ ಸೇರಿದೆ ಎಂದು ನಂಬಿದ್ದ ನಾವು ಮೀಟರ್ ಎಲ್ಲಿದೆ ಎಂದೂ ನೋಡಿರಲಿಲ್ಲ.

ಕೊಲಂಬಿಯಾದಲ್ಲಿ ವಾಸದ ಪ್ರದೇಶಗಳನ್ನು 1ರಿಂದ 6ರವರೆಗೆ 'ಎಸ್ತ್ರಾತೊ' ಎಂಬ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಕೆಳಗಿನ ದರ್ಜೆಗಳ ಮನೆಗಳಿಗೆ ಕರೆಂಟು ರಿಯಾಯಿತಿಯಲ್ಲಿ ಸಿಗುತ್ತದೆ, 5 ಮತ್ತು 6ರ ಮನೆಗಳು ಬಳಕೆಯ ಮೇಲೆ ಶೇ. 20ರಷ್ಟು ಹೆಚ್ಚುವರಿ ಕೊಟ್ಟು ಆ ರಿಯಾಯಿತಿಯ ಹೊರೆಯನ್ನು ಹೊರುತ್ತವೆ. ನ್ಯಾಯವಾದ ವ್ಯವಸ್ಥೆಯೇ ಸರಿ. ಆದರೆ ಸಮುದ್ರ ಕಾಣುವ ಸಿರಿವಂತರ ಬಡಾವಣೆಯಲ್ಲಿ ಎಸಿ ಹಾಕಿಕೊಂಡು ಮಲಗುವ ಪ್ರವಾಸಿಗರು ಆ ಹೆಚ್ಚುವರಿಯನ್ನೂ ತಾವೇ ಕಟ್ಟುತ್ತಾರೆ ಎಂಬುದು ನಮಗೆ ಗೊತ್ತಿರಲಿಲ್ಲ.

ನವೆಂಬರ್ 10ರಂದು ಈಜುಕೊಳದ ಬಳಿ ಕಟ್ಟಡದ ಆಡಳಿತ ನೋಡಿಕೊಳ್ಳುವ ಮಹಿಳೆಯೊಬ್ಬರು, ನೀವು ಯಾರ ಮನೆಗೆ ಬಂದವರು ಎಂದು ಸಹಜವಾಗಿ ಕೇಳಿದರು. ನಾನೂ ಅಷ್ಟೇ ಸಹಜವಾಗಿ, ತಾಣದಲ್ಲಿ ನೋಡಿ ಬಾಡಿಗೆಗೆ ಹಿಡಿದೆವು ಎಂದುಬಿಟ್ಟೆ. ಸುಳ್ಳು ಹೇಳಬೇಕಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಸಂಜೆ ಅವರು ಮನೆ ಬಾಗಿಲಿಗೇ ಬಂದು, ಕಟ್ಟಡದ ನಿಯಮಾವಳಿಯ ಪುಟವನ್ನು ತೋರಿಸಿ, ಇಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಅವಕಾಶವಿಲ್ಲ, ದಯವಿಟ್ಟು ನಾಳೆ ಮಧ್ಯಾಹ್ನದೊಳಗೆ ಖಾಲಿ ಮಾಡಿ ಎಂದು ಮರ್ಯಾದೆಯಿಂದಲೇ ಹೇಳಿದರು.

ಮರುದಿನ ನವೆಂಬರ್ 11. 1811ರಲ್ಲಿ ಕಾರ್ತಹೇನಾ ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ದಿನವಾದ್ದರಿಂದ ಊರಿಗೆ ಊರೇ ಬೀದಿಯಲ್ಲಿತ್ತು. ಮಾಲೀಕರು ಮಾಂಗಾ ಎಂಬ ಬಡಾವಣೆಯಲ್ಲಿ ಇನ್ನೊಂದು ಮನೆ ತೋರಿಸುವೆನೆಂದಿದ್ದರು. ಕಾರ್ತಹೇನಾದ ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು. ಹಬ್ಬದ ದಿನ ನಾಲ್ಕು ಸೂಟ್‌ಕೇಸ್ ಇಟ್ಟುಕೊಂಡು ನಿಂತವರಿಗೆ ಚೌಕಾಸಿ ಮಾಡುವ ಬಲವೆಲ್ಲಿಂದ ಬರಬೇಕು? ದಾರಿಯಲ್ಲಿ ಹುಡುಗರು ನೊರೆ ಎರಚಿದ್ದು ಗಾಜಿನ ಮೇಲೆಲ್ಲ ಇಳಿಯುತ್ತಿತ್ತು. ಹೊಸ ಮನೆಯ ಮುಂದಿನ ರಸ್ತೆಯಲ್ಲಿ ಮಳೆಯಿಲ್ಲದಿದ್ದರೂ ಪಾದ ಮುಳುಗುವಷ್ಟು ನೀರು ನಿಂತಿತ್ತು. ಸಮುದ್ರ ಉಬ್ಬರವಾದಾಗ ನೀರು ಚರಂಡಿಗಳ ಮೂಲಕವೇ ಮೇಲೆ ಬರುತ್ತದೆ. ಬೋಕಾಗ್ರಾಂದೆಯ ಕೆಲವು ಬೀದಿಗಳಿಗೂ ಈ ತೊಂದರೆಯಿದೆ ಎಂದು ಚಾಲಕರು ಏನೂ ವಿಶೇಷವಿಲ್ಲವೆಂಬಂತೆ ಹೇಳಿ ಚೀಲಗಳನ್ನು ಇಳಿಸಿ ಹೋದರು.

ಅದೇ ರಾತ್ರಿ ಕರೆಂಟಿನ ಲೆಕ್ಕ ಬಂತು: 22 ದಿನಕ್ಕೆ 11,80,000 ಪೆಸೊ. ಡಾಲರಿಗೆ ಸುಮಾರು 4,000 ಪೆಸೊ ಎಂದು ಹಿಡಿದರೆ 295 ಡಾಲರ್, ಅಂದರೆ ಠೇವಣಿಗೆ ಅಚ್ಚುಕಟ್ಟಾಗಿ ಹೊಂದುವ ಮೊತ್ತ. ಬಿಲ್ಲಿನ ಪ್ರತಿ ಕೇಳಿದೆವು, ಬರಲಿಲ್ಲ. ಮೀಟರಿನ ಮೊದಲ ದಿನದ ಅಂಕಿ ನಮ್ಮ ಬಳಿ ಇಲ್ಲದ್ದರಿಂದ ವಾದಿಸಲು ಆಧಾರವಿರಲಿಲ್ಲ. ಅವರು 'ಮಾಸ್ ಲೂಸ್' ಎಂದಿದ್ದ ಸಂದೇಶವನ್ನೂ ನಾನು 'ತುಂಬಾ ಸಂತೋಷ' ಎಂದಿದ್ದ ಉತ್ತರವನ್ನೂ ಚಿತ್ರ ತೆಗೆದು ಕಳಿಸಿದರು. ಸಮುದ್ರದ ಕಡೆಗೆ ಕಿಟಕಿ ಕೂಡ ಇಲ್ಲದ ಆ ಎರಡನೆಯ ಮನೆಯಲ್ಲೇ ಉಳಿದ ಆರು ರಾತ್ರಿಗಳನ್ನು ಕಳೆದೆವು. ಬಾಡಿಗೆಯಲ್ಲಿ ಒಂದು ಪೆಸೊ ಸಹ ವಾಪಸು ಬರಲಿಲ್ಲ.

ಹೊರಡುವ ಮೊದಲೇ ತಿಳಿದಿರಬೇಕಾಗಿದ್ದ ಕಾನೂನು ಆಮೇಲೆ ತಿಳಿಯಿತು. ಅಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವುದನ್ನು ಪ್ರವಾಸಿ ವಸತಿ ಎಂದು ಪರಿಗಣಿಸುತ್ತಾರೆ. ಅಂಥ ಮನೆಗೆ ರಾಷ್ಟ್ರೀಯ ಪ್ರವಾಸೋದ್ಯಮ ನೋಂದಣಿ, ಅಂದರೆ 'ಆರ್‌ಎನ್‌ಟಿ' ಸಂಖ್ಯೆ ಇರಲೇಬೇಕು, ಕಟ್ಟಡದ ನಿಯಮಾವಳಿಯೂ ಅದಕ್ಕೆ ಅನುಮತಿ ಕೊಟ್ಟಿರಬೇಕು. ವಿದೇಶೀಯರು ಬಂದಿಳಿದ ವಿವರವನ್ನು ವಲಸೆ ಇಲಾಖೆಗೆ ತಿಳಿಸುವುದೂ ಮನೆ ಕೊಟ್ಟವರ ಹೊಣೆ. ನಮ್ಮ ಮಾಲೀಕರು ಪಾಸ್‌ಪೋರ್ಟಿನ ಪ್ರತಿಯನ್ನೇ ಕೇಳಲಿಲ್ಲ, ಅದನ್ನು ನಾವು ಆಗ ಸೌಜನ್ಯವೆಂದುಕೊಂಡೆವು. ವಾಸದ ಮನೆಗಳ ಬಾಡಿಗೆಗೆ ಸಂಬಂಧಿಸಿದ 2003ರ 820ನೇ ಕಾಯ್ದೆಯಂತೂ ಬಾಡಿಗೆದಾರರಿಂದ ಹಣದ ಠೇವಣಿ ಪಡೆಯುವುದನ್ನೇ ನಿಷೇಧಿಸುತ್ತದೆ, ಆದರೆ ಪ್ರವಾಸಿಗರ ಅಲ್ಪಾವಧಿ ವಾಸ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ 28 ದಿನ ಹೀಗೆ ಎಲ್ಲ ಕಡೆಯಿಂದಲೂ ಹೊರಗುಳಿಯಿತು.

ಆದ್ದರಿಂದ ಅಲ್ಲಿಗೆ ಹೋಗುವವರು ಹಣ ಕಳಿಸುವ ಮುನ್ನ ಆರ್‌ಎನ್‌ಟಿ ಸಂಖ್ಯೆಯನ್ನು ಕೇಳಿ ಪಡೆದು, ಅದು ಯಾರ ಹೆಸರಿನಲ್ಲಿದೆ, ಯಾವ ವಿಳಾಸಕ್ಕೆ ಸೇರಿದೆ ಎಂದು ಅಲ್ಲಿಯ ವಾಣಿಜ್ಯ ಮಂಡಳಿಗಳ ಸಾರ್ವಜನಿಕ ದಾಖಲೆಯಲ್ಲಿ ನೋಡಿಕೊಳ್ಳಿ. ಕರೆಂಟು, ನೀರು, ಕೈಪಟ್ಟಿ ಇವುಗಳ ಖರ್ಚು ಯಾರದೆಂದು ತಾಣದ ಸಂದೇಶದಲ್ಲೇ ಬರೆಸಿಕೊಳ್ಳಿ, ವಾಟ್ಸಾಪ್‌ಗೆ ಹೋಗಬೇಡಿ. ಬೀಗದ ಕೈ ಸಿಕ್ಕ ದಿನವೇ ಮೀಟರಿನ ಅಂಕಿ ಕಾಣುವಂತೆ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಇದನ್ನು ಬರೆಯುವ ಮೊದಲು ತಾಣದಲ್ಲಿ ಮತ್ತೆ ಹುಡುಕಿದೆ. ಬೋಕಾಗ್ರಾಂದೆಯ ಆ ಮನೆ ಅದೇ ನೀಲಿ ಸೋಫಾ, ಅದೇ ಕಿಟಕಿಯ ಚಿತ್ರಗಳೊಂದಿಗೆ ಈಗಲೂ ಪಟ್ಟಿಯಲ್ಲಿದೆ. ಕೆಳಗೆ ಆರ್‌ಎನ್‌ಟಿ ಸಂಖ್ಯೆಯೊಂದನ್ನು ಹೊಸದಾಗಿ ಸೇರಿಸಿದ್ದಾರೆ. ದಾಖಲೆಯಲ್ಲಿ ಹಾಕಿ ನೋಡಿದರೆ ಅದು ಬೇರೆಯೇ ಬೀದಿಯ ಬೇರೆ ಮನೆಯದು.