ಹಳೇ ನಂಬರ್ ಪ್ಲೇಟಿನಲ್ಲಿ ಗಿಟಾರ್ ಮಾಡುವವರು ದಯವಿಟ್ಟು ಓದಿ

ಮಗಳಿಗೆ ವರ್ಷ ತುಂಬಿದಾಗ ಮಾಮೂಲಿ ಚೆಕಪ್‌ಗೆ ಕರೆದುಕೊಂಡು ಹೋದೆವು. ಬೆರಳು ಚುಚ್ಚಿ ಒಂದೆರಡು ಹನಿ ರಕ್ತ ತೆಗೆದರು. ಎರಡು ದಿನ ಬಿಟ್ಟು ಡಾಕ್ಟರ್ ಫೋನ್ ಮಾಡಿ, ರಕ್ತದಲ್ಲಿ ಸೀಸ ಕಾಣಿಸುತ್ತಿದೆ, ಮತ್ತೆ ಬನ್ನಿ ಎಂದರು. ಈ ಸಲ ತೋಳಿನಿಂದ ತೆಗೆದು ನೋಡಿದರು. ಒಂದು ಡೆಸಿಲೀಟರ್ ರಕ್ತಕ್ಕೆ 16 ಮೈಕ್ರೋಗ್ರಾಂ. ನಾವಿರುವ ಅಮೆರಿಕದಲ್ಲಿ ಮಕ್ಕಳಿಗೆ 3.5 ಮುಟ್ಟಿದರೇ ಗಮನಿಸಬೇಕು ಎನ್ನುತ್ತಾರೆ.

ಅಷ್ಟು ದಿನ ಮಗು ಚೆನ್ನಾಗಿಯೇ ಇತ್ತು. ಜ್ವರ ಇಲ್ಲ, ವಾಂತಿ ಇಲ್ಲ, ಊಟ ಬಿಟ್ಟಿರಲಿಲ್ಲ. ರಕ್ತ ಪರೀಕ್ಷೆ ಮಾಡದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆರೋಗ್ಯ ಇಲಾಖೆಯಿಂದ ನರ್ಸ್ ಮನೆಗೆ ಬಂದರು. ನಾವು ಭಾರತದವರು ಅಂತ ಗೊತ್ತಾದ ಮೇಲೆ ಅವರು ಮೊದಲು ಕೇಳಿದ್ದು ಅರಿಶಿನ, ಕುಂಕುಮ, ಕಾಡಿಗೆ, ಹಿತ್ತಾಳೆ ಪಾತ್ರೆ. ಕೇಳುವುದಕ್ಕೆ ಕಾರಣ ಇದೆ. ಅರಿಶಿನದ ಬಣ್ಣ ಎದ್ದು ಕಾಣಲಿ ಅಂತ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಪುಡಿ ಕಲಬೆರಕೆ ಮಾಡುವವರಿದ್ದಾರೆ, ಕೆಲವು ಕುಂಕುಮ ಕಾಡಿಗೆಯಲ್ಲೂ ಸೀಸ ಸಿಕ್ಕಿದೆ. ಬಾಣಂತನಕ್ಕೆ ಬಂದು ಇನ್ನೂ ನಮ್ಮ ಜೊತೆಯೇ ಇದ್ದ ಅಮ್ಮ, ಹಾಸನದಿಂದ ತಂದಿದ್ದ ಪೊಟ್ಟಣಗಳನ್ನೆಲ್ಲ ತಾವೇ ಎತ್ತಿ ಕೊಟ್ಟರು. ಮಗುವಿಗೆ ದೃಷ್ಟಿಬೊಟ್ಟು ಇಡುವುದನ್ನು ಅವತ್ತೇ ನಿಲ್ಲಿಸಿದರು. ಮೂರು ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ನನ್ನದು ಅಂತ ತಿಳಿಯುವವರೆಗೂ ಆ ಭಾರ ಅವರ ಮೇಲಿತ್ತು. ಈಗಲೂ ನೆನೆದರೆ ಹೊಟ್ಟೆ ಹಿಂಡುತ್ತದೆ.

ಅಮ್ಮನ ಪೊಟ್ಟಣಗಳಲ್ಲಿ ಏನೂ ಸಿಗಲಿಲ್ಲ. ಗನ್ ತರಹದ ಎಕ್ಸ್-ರೇ ಯಂತ್ರ ಹಿಡಿದು ಮನೆಯೆಲ್ಲ ನೋಡಿದಾಗ ಸೀಸ ಸಿಕ್ಕಿದ್ದು ಗ್ಯಾರೇಜಿನಲ್ಲಿ, ನನ್ನ ವರ್ಕ್‌ಬೆಂಚಿನ ಮೇಲಿದ್ದ ನಂಬರ್ ಪ್ಲೇಟುಗಳಲ್ಲಿ. ಬೆಂಚಿನ ಧೂಳಿನಲ್ಲಿ, ಒಳಗೆ ಬರುವ ಬಾಗಿಲ ಬಳಿಯ ರಗ್ಗಿನಲ್ಲಿ ಕೂಡ ಇತ್ತು.

ನಾನು ಮಾಡುತ್ತಿದ್ದದ್ದು ಸಿಗಾರ್ ಬಾಕ್ಸ್ ಗಿಟಾರ್. ಅಮೆರಿಕದ ಬಡವರು ಖಾಲಿ ಸಿಗಾರ್ ಡಬ್ಬ, ಕೋಲು, ತಂತಿ ಸೇರಿಸಿ 19ನೇ ಶತಮಾನದಿಂದಲೇ ಇಂಥ ವಾದ್ಯ ಮಾಡಿಕೊಂಡು ಬಂದಿದ್ದಾರೆ. ಮೂರೇ ತಂತಿ, ಜಿ-ಡಿ-ಜಿ ಎಂಬ ಪಾಶ್ಚಾತ್ಯ ಸ್ವರಗಳ ಶ್ರುತಿ, ತಂತಿ ಮೇಲೆ ಜಾರಿಸುವ ಒಂದು ಸ್ಲೈಡ್ ಇದ್ದರೆ ಸಾಕು. ಡಬ್ಬದ ಮುಚ್ಚಳಕ್ಕೆ ಬದಲು 12 ಇಂಚು ಉದ್ದ, 6 ಇಂಚು ಅಗಲದ ನಂಬರ್ ಪ್ಲೇಟ್ ಕೂರಿಸಿದರೆ ತಗಡಿನ ಖಡಕ್ ನಾದ ಬರುತ್ತದೆ. ಆ ನಾದ ನನಗೆ ಈಗಲೂ ಇಷ್ಟ.

ಸ್ಯಾನ್ ಹೋಸೆ ಕಡೆಯ ಹಳೇ ಸಾಮಾನಿನ ಸಂತೆಯಲ್ಲಿ ಕ್ಯಾಲಿಫೋರ್ನಿಯಾದ ಕಪ್ಪು ಪ್ಲೇಟುಗಳು ಸಿಕ್ಕವು. ಹಳದಿ ಅಕ್ಷರದ, 1963ರಲ್ಲಿ ಬಂದ ಮಾದರಿ. ಜೊತೆಗೆ ಅದಕ್ಕೂ ಹಳೆಯದಾದ ಎರಡು. ಉಬ್ಬಿದ ಅಂಕಿಗಳ ಮೇಲೆ ಸ್ಯಾಂಡರ್ (ಉಜ್ಜುವ ಯಂತ್ರ) ಆಡಿಸಿದರೆ ಬಣ್ಣ ಹೋಗಿ ಅಂಕಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ನೋಡಲು ಚೆಂದ ಅಂತ ಒಂದಾದ ಮೇಲೊಂದು ಉಜ್ಜಿದೆ. ಹೊರಗೆ ಮಳೆ, ಪಕ್ಕದ ಮನೆಯವರಿಗೆ ಸದ್ದು ಬೇಡ ಅಂತ ಗ್ಯಾರೇಜ್ ಬಾಗಿಲು ಹಾಕಿದ್ದೆ. ಮುಖಕ್ಕೆ ಬಟ್ಟೆ ಮಾಸ್ಕ್. ಆಮೇಲೆ ಮಾಮೂಲಿ ವ್ಯಾಕ್ಯೂಮಿನಲ್ಲಿ ಧೂಳು ಎಳೆದೆ. ಅದು ನುಣ್ಣನೆಯ ಧೂಳನ್ನು ಹಿಂದಿನಿಂದ ಮತ್ತೆ ಗಾಳಿಗೇ ಬಿಡುತ್ತದೆ. ಅದೇ ಸ್ವೆಟರ್‌ನಲ್ಲಿ ಒಳಗೆ ಹೋಗಿ ಮಗಳನ್ನು ಎತ್ತಿಕೊಂಡೆ. ಅವಳು ಆಗ ಅಂಬೆಗಾಲಿಡುತ್ತಿದ್ದಳು. ಆ ರಗ್ಗಿನ ಮೇಲೆ ಹರಿದಾಡಿ ಕೈ ಬಾಯಿಗೆ ಹಾಕುತ್ತಿದ್ದಳು.

ಅಮೆರಿಕದಲ್ಲಿ ಮನೆಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಮುಂಚಿನ ಬಣ್ಣ, ಅದರಲ್ಲೂ ಹಳದಿ, ಕಿತ್ತಳೆ ಇದ್ದರೆ ಸೀಸ ಇದೆ ಎಂದೇ ತಿಳಿಯಿರಿ. ಆ ಕಾಲದ ಗಟ್ಟಿ ಹಳದಿಗೆ ಬಳಸುತ್ತಿದ್ದದ್ದು ಅದೇ ಲೆಡ್ ಕ್ರೋಮೇಟ್. ಅಮ್ಮನ ಅರಿಶಿನದಲ್ಲಿ ಹುಡುಕಿದ ವಿಷ ನನ್ನ ಬೆಂಚಿನ ಮೇಲಿತ್ತು.

ಹಳೇ ಪ್ಲೇಟ್ ಬಳಸಲೇಬೇಕು ಅಂದರೆ ಉಜ್ಜಬೇಡಿ. ಗ್ರೈಂಡರ್ ಹಿಡಿಯಬೇಡಿ, ಬಿಸಿ ಗಾಳಿಯಿಂದ ಬಣ್ಣ ಕೀಳಬೇಡಿ. ಇರುವ ಬಣ್ಣ ಹಾಗೇ ಇರಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೊಂದು ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಿರಿ. ಕತ್ತರಿಸಬೇಕಾದರೆ ಮನೆಯ ಹೊರಗೆ, ತಗಡು ಕತ್ತರಿಯಲ್ಲಿ, ದಪ್ಪ ಗ್ಲೌಸ್ ಹಾಕಿಕೊಂಡು. ಆ ಬಟ್ಟೆ ಬೇರೆ ಒಗೆಯಿರಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅಥವಾ ಬಸುರಿ ಇದ್ದರೆ ಹಳೆಯದನ್ನು ತರಲೇಬೇಡಿ. ಈಗಾಗಲೇ ಉಜ್ಜಿದ್ದೀರಾ? ನಾಳೆಯೇ ಡಾಕ್ಟರಿಗೆ ಹೇಳಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮದೂ ಮಾಡಿಸಿ.

ನಮ್ಮ ರಗ್ಗು, ಪ್ಲೇಟುಗಳು, ಎರಡೂ ಗಿಟಾರ್ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಹೋದವು. ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಜಾಸ್ತಿ ಕೊಡಿ, ಸೀಸ ಮೈಗೆ ಹತ್ತುವುದು ಕಡಿಮೆಯಾಗುತ್ತದೆ ಎಂದರು ಡಾಕ್ಟರ್. ಅಮ್ಮ ದಿನಾ ರಾಗಿ ಸರಿ ಮಾಡಿ ತಿನ್ನಿಸಿದರು. ಆರು ತಿಂಗಳ ನಂತರ ಮಗಳ ರಕ್ತದ ಸೀಸ 6ಕ್ಕೆ ಇಳಿದಿದೆ. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ.